ಮಟ್ಟಾಂಚೇರಿಯ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದ್ದು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ಗಂಡ ಕರೆಂಟಿನ ಲೈನ್‌ಮನ್ ಆಗಿದ್ದವರು. ವರ್ಗವಾದ ಊರಲ್ಲೆಲ್ಲ ಯಾರೂ ಹಿಡಿಯದ ಮನೆಗಳನ್ನೇ ಅಗ್ಗಕ್ಕೆ ಹಿಡಿದು ಬಾಳಿದವಳು ನಾನು. ಒಬ್ಬರು ನೇಣು ಹಾಕಿಕೊಂಡಿದ್ದ ಮನೆಯಲ್ಲೇ ನನ್ನ ಬಾಣಂತನವಾಯಿತು. ಹೆಗ್ಗಣ ಬಿಟ್ಟರೆ ಅಲ್ಲಿ ಬೇರೆ ಏನೂ ಓಡಾಡಲಿಲ್ಲ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕು ಎಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಹಿರಿಯ ಮಗಳು ಶೋಭಾ ಇರುವುದು ತಿರುವನಂತಪುರದಲ್ಲಿ, ಉಳ್ಳೂರಿನ ಹತ್ತಿರ. ಅಳಿಯ ನಾಗರಾಜ್ ರಾಕೆಟ್ಟಿನ ಕೆಲಸದಲ್ಲಿದ್ದಾರೆ. ಒಬ್ಬಳೇ ಮಗಳು, ಮೇಘಾ, ಆಗ ಆರು ವರ್ಷದವಳು. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ನಾನು ಕನ್ನಡದಲ್ಲಿ ಕೇಳಿದ್ದು ಅವಳಿಗೆ ತಿಳಿಯುತ್ತದೆ, ಉತ್ತರ ಬರುವುದು ಮಲಯಾಳದಲ್ಲಿ. ವರ್ಷಕ್ಕೆ ಎರಡು ತಿಂಗಳು ಅಲ್ಲಿದ್ದು ಬರುವವಳಾದ್ದರಿಂದ ನನಗೂ ಅಷ್ಟಿಷ್ಟು ಅರ್ಥವಾಗುತ್ತದೆ. ಆ ಬೇಸಿಗೆ ರಜೆಗೆ ಕಿರಿಯ ಮಗಳು ಲತಾ ಗಂಡನ ಜೊತೆ ಮೈಸೂರಿನಿಂದ ಬರುವುದಿತ್ತು. ಎಲ್ಲರೂ ಸೇರಿ ಕೊಚ್ಚಿಯಲ್ಲಿ ಮೂರು ದಿನ ಇರೋಣ, ಹೋಟೆಲು ಬೇಡ, ಒಂದು ಮನೆಯನ್ನೇ ಹಿಡಿಯೋಣ ಎಂದು ತೀರ್ಮಾನ ಮಾಡಿದರು.

ಮನೆ ಆರಿಸುವುದಕ್ಕೆ ಒಂದು ವಾರ ಹಿಡಿಯಿತು. ಶೋಭಾ ಊಟದ ತಟ್ಟೆಯ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಂಡು ಒಂದೊಂದೇ ಮನೆಯ ಫೋಟೊ ಸರಿಸುವಳು. ಲತಾ ಅತ್ತ ಕಡೆ ವಿಡಿಯೊ ಕಾಲ್‌ನಲ್ಲಿ ಕೂತು ಪ್ರತಿಯೊಂದರಲ್ಲೂ ಏನಾದರೂ ಕೊಂಕು ತೆಗೆಯುವಳು. ಒಂದು ಮನೆಗೆ ಈಜುಕೊಳ ಇತ್ತು, ಅಡುಗೆಮನೆ ಇರಲಿಲ್ಲ. ಇನ್ನೊಂದು ಬಹಳ ಎತ್ತರದ ಕಟ್ಟಡದಲ್ಲಿ, ಕೂತಲ್ಲಿಂದಲೇ ಹಡಗು ಕಾಣುತ್ತದಂತೆ. ಅಳಿಯನಿಗೆ ಅದೇ ಇಷ್ಟ.

"ಫೋಟೊದಲ್ಲಿ ವಾಸನೆ ಬರಲ್ಲ ಕಣೆ," ಎಂದೆ ನಾನು. "ನಲ್ಲೀಲಿ ನೀರು ಬರುತ್ತೋ ಇಲ್ವೋ ಅಂತ ಫೋಟೊ ಹೇಳಲ್ಲ. ಬೀಗದ ಕೈ ಯಾರ ಹತ್ರ ಇರುತ್ತೆ ಅದನ್ನ ಕೇಳು."

"ಅಮ್ಮ, ಇದಕ್ಕೆ ಎಲ್ಲರೂ ಐದು ಸ್ಟಾರ್ ಕೊಟ್ಟಿದ್ದಾರೆ."

"ಸ್ಟಾರ್ ಕೊಟ್ಟವರು ಅಲ್ಲಿ ಪಾತ್ರೆ ತೊಳೆದಿದ್ರಾ?"

ಲತಾ ಮೊಬೈಲಿನೊಳಗೇ ನಕ್ಕಳು. "ಅಕ್ಕ, ಒಂದು ಸ್ಟವ್ ಇರೋ ಮನೆ ನೋಡಿಬಿಡು ಸಾಕು. ಇಲ್ಲದಿದ್ರೆ ಅಮ್ಮ ಮೂರು ದಿನವೂ ಬಾಳೆಹಣ್ಣು ತಿಂದ್ಕೊಂಡು ನಮ್ಮ ಪ್ರಾಣಾನೂ ತಿಂತಾಳೆ."

ಹಾಗೆ ನನ್ನ ಸ್ಟವ್ವಿನ ಸಲುವಾಗಿ ಮಟ್ಟಾಂಚೇರಿಯ ಆ ಮನೆ ಗೊತ್ತಾಯಿತು. ಮೆಣಸು, ಶುಂಠಿ ತುಂಬಿಡುವ ಹಳೇ ಗೋದಾಮುಗಳ ನಡುವೆ ಒಂದು ಓಣಿ, ಓಣಿಯ ಕೊನೆಗೆ ಹೆಂಚಿನ ಮನೆ. ಒಂದು ಹಜಾರ, ಎರಡು ಕೋಣೆ, ಅಡುಗೆಮನೆ, ಹಿಂದೆ ಎತ್ತರದ ಗೋಡೆಯ ಸಣ್ಣ ಅಂಗಳ. ಯಜಮಾನರು ಯಾರೋ ತಿಳಿಯದು, ಎಲ್ಲ ಮೊಬೈಲಿನಲ್ಲೇ ಮುಗಿದಿತ್ತು. ಬೀಗದ ಕೈ ಕೊಟ್ಟವನು ಜೋಸೆಫ್ ಎಂಬ ಮಧ್ಯವಯಸ್ಸಿನ ಮನುಷ್ಯ. ನನ್ನನ್ನು ಅಮ್ಮಚ್ಚಿ ಎಂದು ಕರೆದು ಗ್ಯಾಸು, ನೀರು, ಪಾತ್ರೆ ಎಲ್ಲ ತೋರಿಸಿದ. ಅಂಗಳದ ಬಾಗಿಲಿಗೆ ಮಾತ್ರ ಒಳಗಿನಿಂದಲೇ ತುಕ್ಕು ಹಿಡಿದ ಬೀಗ ಇತ್ತು. ಅದರ ಕೈ ತನ್ನ ಬಳಿಯೂ ಇಲ್ಲ ಎಂದ. ಮನೆ ಚೊಕ್ಕಟವಾಗಿತ್ತು, ವಾಸನೆಯೂ ಇರಲಿಲ್ಲ. ಶೋಭಾ ಈಗೇನನ್ನುತ್ತೀಯ ಎಂಬಂತೆ ನನ್ನ ಮುಖ ನೋಡಿದಳು.

ಅವರೆಲ್ಲ ಪೆಟ್ಟಿಗೆ ಬಿಚ್ಚುತ್ತಿದ್ದಾಗ ನಾನು ಅಡುಗೆಮನೆಗೆ ಹೋದೆ. ಹೊಸ ಮನೆಗೆ ಕಾಲಿಟ್ಟರೆ ನನ್ನ ಕೈಗೆ ಒಂದೇ ಕೆಲಸ ಗೊತ್ತು. ಗಂಡನ ಜೊತೆ ಹೋದ ಊರುಗಳಲ್ಲೂ ಅದನ್ನೇ ಮಾಡಿದ್ದೆ, ಅಳಿಯನಿಗೆ ವರ್ಗವಾದಾಗಲೂ ಮಗಳ ಮನೆಗೆ ನಾನೇ ಹೋಗಿ ಮಾಡಿದ್ದೆ. ಹೊಸ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿ, ಉಕ್ಕುವಾಗ ಮನೆಗೆ ಎರಡು ಮಾತು ಹೇಳುವುದು: ನಾವು ಬಂದಿದ್ದೀವಿ, ಇನ್ನು ಇಲ್ಲೇ ಇರ್ತೀವಿ, ನಮ್ಮ ಮಕ್ಕಳನ್ನ ಚೆನ್ನಾಗಿ ನೋಡ್ಕೊ. ಅಲ್ಲಿಯೂ ಹಾಗೇ ಮಾಡಿದೆ, ಅದೇ ಮಾತು ಹೇಳಿದೆ. ಮೂರು ದಿನಕ್ಕೆ ಬಂದವರು ನಾವು ಎಂಬುದು ಆ ಹೊತ್ತಿಗೆ ತಲೆಗೆ ಬರಲಿಲ್ಲ.

"ಏನಮ್ಮ ಇದು, ಗೃಹಪ್ರವೇಶನಾ?" ಎಂದಳು ಲತಾ ಬಾಗಿಲಲ್ಲಿ ನಿಂತು. "ಸತ್ಯನಾರಾಯಣನ ಪೂಜೆ ಎಷ್ಟು ಹೊತ್ತಿಗೆ?"

"ಸ್ಟವ್ ಒರೆಸಮ್ಮ ಮೊದಲು, ಅವರು ಒಂದು ಸ್ಟಾರ್ ಕಿತ್ಕೊಳ್ತಾರೆ," ಎಂದಳು ಶೋಭಾ.

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಮರುದಿನ ಮಧ್ಯಾಹ್ನ ಅವರು ನಾಲ್ವರೂ ದೋಣಿ ಹತ್ತಿ ಆಚೆ ದಡಕ್ಕೆ ಹೊರಟರು. ಮೇಘಾಗೆ ಬೆಳಗ್ಗೆಯಿಂದ ಮೈ ಬಿಸಿ ಇತ್ತು. ಔಷಧ ಕುಡಿಸಿ ನಾನು ಅವಳ ಜೊತೆ ಉಳಿದೆ. ಅವರು ಹೋದಮೇಲೆ ಮುಂಬಾಗಿಲಿನ ಮೇಲಿನ ಚಿಲಕ ಹಾಕಿದೆ. ಅದು ನನಗೇ ತುದಿಗಾಲಲ್ಲಿ ನಿಂತರೆ ಸಿಗುವಷ್ಟು ಎತ್ತರ. ಮಗುವನ್ನು ಕೋಣೆಯಲ್ಲಿ ಮಲಗಿಸಿ, ಹಜಾರದಲ್ಲಿ ಕೋಣೆಯ ಬಾಗಿಲಿಗೆ ಎದುರಾಗಿ ಕೂತು ಹುರುಳಿಕಾಯಿ ಬಿಡಿಸತೊಡಗಿದೆ. ಹೊರಗೆ ಒಳ್ಳೇ ಬಿಸಿಲು. ಯಾವುದೋ ಗೋದಾಮಿನಲ್ಲಿ ಮೂಟೆ ಇಳಿಸುವವರ ಕೂಗು ಕೇಳುತ್ತಿತ್ತು. ನಾನು ನಿದ್ದೆ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ.

ಕಾಯಿ ಬಿಡಿಸಿ ಮುಗಿಸಿ ಮಗುವಿನ ಹಣೆ ಮುಟ್ಟಿ ನೋಡೋಣ ಎಂದು ಒಳಗೆ ಹೋದೆ. ಹಾಸಿಗೆ ಖಾಲಿ. ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಮೇಲೆ ಇಟ್ಟಿತ್ತು.

ಬಚ್ಚಲು ನೋಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಬೀರು ತೆಗೆದೆ. ಇನ್ನೊಂದು ಕೋಣೆ, ಅಡುಗೆಮನೆ, ಎಲ್ಲ ನೋಡಿದೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಅಂಗಳದ ಬಾಗಿಲಿನ ಬೀಗ ಹಾಗೇ ಇತ್ತು, ಮುಂಬಾಗಿಲಿನ ಚಿಲಕವೂ ಹಾಕಿದ ಹಾಗೇ ಇತ್ತು. ಕೂಗಿದೆ, ಉತ್ತರವಿಲ್ಲ. ಶೋಭಾಗೆ ಫೋನು ಮಾಡಿದೆ, ಯಾವಳೋ ಮಲಯಾಳದಲ್ಲಿ ಸಿಗುವುದಿಲ್ಲ ಎಂದಳು. ಮಗಳಿಗೆ ಇರುವುದು ಒಂದೇ ಮಗು, ಅದನ್ನು ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ. ಬಾಗಿಲು ತೆರೆದು ಓಣಿಯಲ್ಲಿ ಜನರನ್ನು ಕರೆಯೋಣ ಎಂದು ಚಿಲಕಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಮೇಘಾ ನಕ್ಕದ್ದು ಕೇಳಿಸಿತು.

ಓಡಿದೆ. ಅಲ್ಲಿ ಯಾರೂ ಇಲ್ಲ. ಈಗ ಸದ್ದು ಕೋಣೆಯಿಂದ ಬರುತ್ತಿತ್ತು. ಬಾಚಣಿಗೆ ಕೂದಲಿನ ಸಿಕ್ಕಿನಲ್ಲಿ ಇಳಿಯುವ ಸದ್ದು, ಬಳೆಯ ಸದ್ದು. ಅಲ್ಲಾಡಬೇಡ ಎಂದು ಹೆಂಗಸರು ಮಕ್ಕಳಿಗೆ ನಾಲಿಗೆ ಲೊಚಗುಟ್ಟುತ್ತಾರಲ್ಲ, ಅದೂ ಕೇಳಿಸಿತು. ಕೋಣೆಗೆ ಹೋದರೆ ಅದು ಅಡುಗೆಮನೆಯಲ್ಲಿ. ಅಡುಗೆಮನೆಗೆ ಬಂದರೆ ಕೋಣೆಯಲ್ಲಿ. ಹೀಗೆ ಎಷ್ಟು ಸಲ ಓಡಾಡಿದೆನೋ ಗೊತ್ತಿಲ್ಲ. ಕೊನೆಗೆ ಹಜಾರದ ನಡುವೆ ನಿಂತು, "ಯಾವಳೇ ನೀನು? ಮಗು ಕೊಡೇ," ಎಂದು ಅರಚಿದೆ.

ಸದ್ದು ನಿಂತಿತು. ತಿರುಗಿ ನೋಡಿದರೆ ಮೇಘಾ ಅಡುಗೆಮನೆಯ ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಆ ಹೊಸ್ತಿಲನ್ನು ನಾನು ಆಗ ತಾನೇ ದಾಟಿ ಬಂದಿದ್ದೆ.

ಆ ಮಗು ತಲೆ ಬಾಚಿಸಿಕೊಳ್ಳಲು ಕೂರುವುದೇ ಇಲ್ಲ. ಹೆತ್ತ ತಾಯಿಗೇ ಒದೆಯುತ್ತದೆ. ಈಗ ಅದರ ನೆತ್ತಿಗೆ ಚೆನ್ನಾಗಿ ಎಣ್ಣೆ ತಟ್ಟಿ, ನಡುಬೈತಲೆ ತೆಗೆದು, ಬಿಗಿಯಾಗಿ ಜಡೆ ಹಾಕಿ ತುದಿಗೆ ಕಪ್ಪು ದಾರ ಸುತ್ತಿತ್ತು. ಕಣ್ಣಿಗೆ ಕಾಡಿಗೆ. ಹಣೆ ಮುಟ್ಟಿದೆ. ತಣ್ಣಗಿತ್ತು, ಜ್ವರ ಬಿಟ್ಟಿತ್ತು.

"ಯಾರೇ ಜಡೆ ಹಾಕಿದ್ದು?"

"ಅಮ್ಮಮ್ಮ," ಎಂದಳು. ಅಲ್ಲಿನವರು ಅಜ್ಜಿಗೆ ಅನ್ನುವ ಮಾತು ಅದು.

"ಅಜ್ಜಿ ನಾನಲ್ವೇನೇ?"

ಅವಳು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. ನೀನು ಅಜ್ಜಿ, ಇದು ಅಮ್ಮಮ್ಮ ಎಂದಳು ಮಲಯಾಳದಲ್ಲಿ. ನಾಳೆಯೂ ಹಾಕುತ್ತಾಳಂತೆ, ಇನ್ನು ದಿನಾ ಹಾಕುತ್ತಾಳಂತೆ.

ಸಂಜೆ ಅವರೆಲ್ಲ ಬಂದಮೇಲೆ ಹೇಳಿದೆ. ಜೋಸೆಫನಿಗೆ ಅಳಿಯ ನಾಗರಾಜ್ ಫೋನು ಮಾಡಿದರು. ತಾನಲ್ಲದೆ ಆ ಮನೆಗೆ ಬರುವವರು ಯಾರೂ ಇಲ್ಲ, ಗುಡಿಸುವವಳೂ ನಾವು ಖಾಲಿ ಮಾಡಿದ ಮೇಲೆಯೇ ಬರುವುದು ಎಂದನಂತೆ. "ಅತ್ತೆ, ನೀವು ಸ್ವಲ್ಪ ನಿದ್ದೆ ಹೋಗಿರಬೇಕು," ಎಂದರು ಅಳಿಯ ಮೆಲ್ಲಗೆ. ಲತಾ ಇನ್ನೂ ಮೆಲ್ಲಗೆ, "ನೀನೇ ಬಾಚಿ ಮರ್ತಿದ್ದೀಯೇನಮ್ಮ?" ಎಂದಳು.

ಆ ಮಾತಿಗೆ ನನಗೆ ಇನ್ನಷ್ಟು ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಮರೆಯುವವರಿದ್ದಾರೆ, ನೋಡಿದ್ದೇನೆ. ನನ್ನ ಎರಡೂ ಅಂಗೈ ಮೂಸಿ ನೋಡಿಕೊಂಡೆ. ಹುರುಳಿಕಾಯಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಮಗುವಿನ ತಲೆಯಲ್ಲಿದ್ದದ್ದು ಎಲೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ನಾವು ತಂದಿರಲಿಲ್ಲ, ಆ ಮನೆಯಲ್ಲೂ ಇರಲಿಲ್ಲ. ಜಡೆ ಬಿಚ್ಚುವಾಗ ನೋಡಿದೆ, ನಾಲ್ಕೆಳೆಯದು. ನನಗೆ ಮೂರೆಳೆಯ ಜಡೆ ಬಿಟ್ಟು ಬೇರೆ ಬರುವುದಿಲ್ಲ. ಇದನ್ನು ಹೇಳಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲತಾಳ ಗಂಡ ಎದ್ದು ಹೊರಗೆ ಹೋದರು.

ಆ ರಾತ್ರಿ ಕೂದಲನ್ನೆಲ್ಲ ಬಿಡಿಸಿ, ಟವೆಲಿನಿಂದ ಒರೆಸಿ, ಮಗುವಿನ ಫ್ರಾಕಿನ ಅಂಚನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡು ಮಲಗಿದೆ. ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಹತ್ತಿತು. ಎದ್ದಾಗ ಗಂಟು ಹಾಗೇ ಇತ್ತು. ಮಗುವಿನ ತಲೆಯಲ್ಲಿ ಹೊಸ ಜಡೆ ಇತ್ತು, ನಾಲ್ಕೆಳೆಯದು, ಎಣ್ಣೆ ಇನ್ನೂ ದಿಂಬಿಗೆ ಇಳಿಯುತ್ತಿತ್ತು.

ಇದು ಏನು, ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ಹಾಲು ಉಕ್ಕಿಸಿ ಇಲ್ಲೇ ಇರ್ತೀವಿ ಎಂದದ್ದಕ್ಕೆ ಹೀಗಾಯಿತೋ, ಉಕ್ಕಿಸದಿದ್ದರೂ ಆಗುತ್ತಿತ್ತೋ, ಅದೂ ಗೊತ್ತಿಲ್ಲ. ಮಗುವಿಗೆ ಕೆಡುಕೇನೂ ಆಗಲಿಲ್ಲ, ಜ್ವರ ಬಿಟ್ಟಿತು, ಅದನ್ನೂ ಹೇಳಬೇಕು. ಮೇಘಾಗೆ ಈಗ ಹತ್ತು ವರ್ಷ, ಚೆನ್ನಾಗಿದ್ದಾಳೆ. ಈ ಬೇಸಿಗೆ ರಜೆಗೆ ಮನೆ ಹುಡುಕುವ ಕೆಲಸ ಅವಳದೇ. ಅಮ್ಮನ ಮೊಬೈಲ್ ಹಿಡಿದುಕೊಂಡು ಕೂರುತ್ತಾಳೆ. ಮುನ್ನಾರ್ ತೋರಿಸಿದರೆ ಬೇಡ ಎನ್ನುತ್ತಾಳೆ, ಸಮುದ್ರದ ದಡದ ಮನೆ ತೋರಿಸಿದರೂ ಬೇಡ. ಕೊಚ್ಚಿ ಎನ್ನುತ್ತಾಳೆ. ಯಾಕೆ ಎಂದರೆ ಸುಮ್ಮನೆ ಎನ್ನುತ್ತಾಳೆ. ಅಕ್ಷರ ಕೂಡಿಸಿ ಕೂಡಿಸಿ ಇಷ್ಟನ್ನು ಬರೆಯಲು ಕೂತದ್ದು ಅದಕ್ಕೇ. ಆ ಬೆಳಗ್ಗೆ ಆ ಮನೆ ಬಿಡುವಾಗ ನಡೆದದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆ ಬೆಳಗ್ಗೆ ಯಾರ ಮಾತನ್ನೂ ಕೇಳದೆ ಪೆಟ್ಟಿಗೆಗಳನ್ನು ಎಳೆದು ಓಣಿಗೆ ಹಾಕಿದೆ. ಇನ್ನೂ ಒಂದು ದಿನ ಇದೆ ಎಂದು ಶೋಭಾ ಜಗಳ ಮಾಡಿದಳು. ಇದ್ದರೆ ಇರಲಿ, ನೀನೇ ಇರು, ಮಗು ನನ್ನ ಜೊತೆ ಬರುತ್ತೆ ಎಂದೆ. ಎಲ್ಲರೂ ಹೊರಗೆ ಹೋದಮೇಲೆ ಮೇಘಾಳ ಕೈ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮನೆಗೆ ಮಾತು ಕೊಟ್ಟವಳು ನಾನು, ಬಿಡಿಸಿಕೊಳ್ಳಬೇಕಾದವಳೂ ನಾನೇ ಎನ್ನಿಸಿತು.

"ಇದು ನಮ್ಮ ಮಗು," ಎಂದೆ. "ನೋಡ್ಕೊಂಡೆ, ಸರಿ. ಆದ್ರೆ ಕೊಡಲ್ಲ. ನಾವು ಹೋಗ್ತೀವಿ."

ಹೋಗ್ತೀವಿ ಎಂದು ಅಲ್ಲಿಗೇ ನಿಲ್ಲಿಸಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ಗಂಡನ ಕಡೆಯವರು ಮುಖ ಮುರಿದು ಕಳಿಸಿದ ಮನೆಯಲ್ಲೂ ಹೋಗಿ ಬರ್ತೀವಿ ಎಂದೇ ಹೊಸ್ತಿಲು ದಾಟಿದ್ದೆ. ಇಲ್ಲಿ ಆ ಮಾತು ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದು, ಮಗುವಿನ ಕೈ ಎಳೆದುಕೊಂಡು ತಿರುಗಿದೆ.

ಮುಂಬಾಗಿಲಿನವರೆಗೆ ಸುಮ್ಮನೆ ಬಂದಳು. ಅಲ್ಲಿ ನಿಂತು ಹಿಂದಕ್ಕೆ ತಿರುಗಿ, ಅಡುಗೆಮನೆಯ ಕಡೆ ಕೈ ಬೀಸಿ, "ಅಮ್ಮಮ್ಮೇ, ಪೋಯಿಟ್ಟು ವರಾಂ," ಎಂದಳು. ಹೋಗಿ ಬರುತ್ತೇನೆ ಎಂದು.

ಅವಳ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದೆ. ಮಾತು ಆಗಲೇ ಹೊರಗೆ ಬಂದಿತ್ತು.