ಗುಳಿಗೆ ಮೇಡಂ ಮತ್ತು ಅಜ್ಜಿಯ ಅರ್ಧ ಪಟ್ಟಿ

ಔಷಧಿಯ ವಿಷಯದಲ್ಲಿ ವಿವೇಕ ಕಲಿಸುವುದೂ ಶಿಕ್ಷಣವೇ ಎಂದು ಶಾಲೆಗಳು ಒಪ್ಪುವುದಕ್ಕೂ ಎಷ್ಟೋ ಮೊದಲು ಅದನ್ನು ತರಗತಿಗೆ ತಂದವರು, ಈಗ ನಿವೃತ್ತರಾಗುತ್ತಿರುವ ನಮ್ಮ ವಿಜ್ಞಾನದ ಮೇಡಂ. ಮಕ್ಕಳು ಬೆನ್ನ ಹಿಂದೆ ‘ಗುಳಿಗೆ ಮೇಡಂ’ ಎನ್ನುತ್ತಿದ್ದುದು ಅವರ ಕಿವಿಗೆ ಬಿದ್ದರೂ ಬೀಳದಂತೆ ಇರುತ್ತಿದ್ದರು.

ಸೇವೆಗೆ ಸೇರಿದ ಹೊಸದರಲ್ಲಿ, ನೆಗಡಿಯಾದ ಇಬ್ಬರು ವಿದ್ಯಾರ್ಥಿನಿಯರು ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಆಂಟಿಬಯೋಟಿಕ್ ಮಾತ್ರೆಯನ್ನು ಪೆಪ್ಪರಮಿಂಟಿನಂತೆ ಹಂಚಿಕೊಂಡದ್ದನ್ನು ಕಂಡು ಅವರು ಹೌಹಾರಿದ್ದರು. ನೆಗಡಿಗೆ ಅದು ನಾಟುವುದಿಲ್ಲ, ವೈದ್ಯರು ಬರೆದುಕೊಟ್ಟರೆ ಮಾತ್ರ ನುಂಗಬೇಕು, ಬೇಕಾಬಿಟ್ಟಿ ನುಂಗಿದರೆ ರೋಗಾಣುಗಳು ಮದ್ದಿಗೆ ಜಗ್ಗದಂತಾಗುತ್ತವೆ ಎಂದು ಅಂದಿನಿಂದ ಪಟ್ಟು ಬಿಡದೆ ಕಲಿಸಿದರು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ತಂದು ಹಾಕಲು ತರಗತಿಯಲ್ಲಿ ಬೀಗದ ಡಬ್ಬವೊಂದನ್ನು ಇಟ್ಟರು. ಔಷಧಿ ಅಂಗಡಿಯವರು ಬಂದು ಅವನ್ನು ವಿಲೇವಾರಿಗೆ ಒಯ್ಯುತ್ತಿದ್ದರು.

ಎಡವಟ್ಟಾದದ್ದು ಅಲ್ಲೇ. ಮಕ್ಕಳಿಗೆ ಸುಲಭವಾಗಲೆಂದು, ಮಾತ್ರೆಯ ಪಟ್ಟಿ, ಅಂದರೆ ಸ್ಟ್ರಿಪ್, ಅರ್ಧ ಖಾಲಿಯಾಗಿದ್ದರೆ ಅದು ಬೇಡವಾಗಿ ಉಳಿದದ್ದು ಎಂದು ಮೇಡಂ ಹೇಳಿಕೊಟ್ಟಿದ್ದರು. ಹುಡುಗಿಯೊಬ್ಬಳು ಅಜ್ಜಿಯದೆಂದು ಅರ್ಧ ಪಟ್ಟಿ ತಂದು ಹಾಕಿ ಶಹಬಾಸ್ ಗಿಟ್ಟಿಸಿದಳು. ಸಂಜೆ ಡಬ್ಬ ತೆರೆದ ಅಂಗಡಿಯವರು, ಇದು ಮೂರ್ಛೆರೋಗದ ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ ಎಂದರು. ಮೇಡಂ ಪಟ್ಟಿ ಹಿಡಿದು ಹುಡುಗಿಯ ಮನೆಗೆ ಓಡಿದರು.

ಆ ಮನೆಯಲ್ಲಿ ಅಜ್ಜಿ ಹಾಸಿಗೆ ಕೊಡವಿ ಹುಡುಕುತ್ತಿದ್ದರು. ವಿಷಯ ಆಗಷ್ಟೇ ತಿಳಿದ ಅಪ್ಪ ಮಗಳನ್ನು ತರಾಟೆಗೆ ತೆಗೆದುಕೊಂಡಿದ್ದರು. ಮಾತ್ರೆಯನ್ನು ಅಜ್ಜಿಯ ಕೈಗಿತ್ತು ಮೇಡಂ ಹೇಳಿದರು: “ಅವಳಿಗೆ ಬೈಬೇಡಿ. ನಾನು ಹೇಳ್ಕೊಟ್ಟ ಹಾಗೇ ಮಾಡಿದಾಳೆ. ತಪ್ಪು ನನ್ದು.”

ಅಜ್ಜಿಗೆ ಏನೂ ಆಗಲಿಲ್ಲ. ಆದರೆ ಹುಡುಗಿ ಶಾಲೆಗೆ ಬರಲೊಲ್ಲೆನೆಂದು ಹಟ ಹಿಡಿದಳು; ಮುಖ್ಯೋಪಾಧ್ಯಾಯರು ಪಾಠವನ್ನೇ ನಿಲ್ಲಿಸಹೊರಟರು. ಅವರೊಡನೆ ವಾದಕ್ಕಿಳಿಯದೆ ಮೇಡಂ ಒಂದು ತರಗತಿ ಮಾತ್ರ ಬೇಡಿಕೊಂಡು, ಮೊಮ್ಮಗಳೊಂದಿಗೆ ಅಜ್ಜಿಯನ್ನೇ ಕರೆಸಿದರು. ಮಕ್ಕಳೆಲ್ಲರ ಎದುರು ತಮ್ಮ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಕುರ್ಚಿಯಲ್ಲಿ ಕೂತ ಅಜ್ಜಿ ಪಟ್ಟಿ ಎತ್ತಿ ತೋರಿಸಿದರು.

“ಇದು ನಾನು ದಿನಾ ತಗೊಳ್ಳೋದು ಕಣ್ರೋ. ಯಾವ ಮಾತ್ರೆ ಮುಟ್ಟೋಕೂ ಮೊದ್ಲು ಯಾರ್ದು ಅಂತ ದೊಡ್ಡೋರನ್ನ ಕೇಳಿ.”

ಬಾಗಿಲಲ್ಲಿ ನಿಂತು ಕೇಳಿದ ಮುಖ್ಯೋಪಾಧ್ಯಾಯರು ನಿಲ್ಲಿಸುವ ಮಾತನ್ನು ಕೈಬಿಟ್ಟರು. ಪಾಠ ಉಳಿಯಿತು, ಡಬ್ಬಕ್ಕೆ ಹಾಕುವ ಕೆಲಸ ಮಾತ್ರ ದೊಡ್ಡವರ ಪಾಲಿಗೆ ಹೋಯಿತು. ಹುಡುಗಿ ಮರುದಿನ ಎಂದಿನಂತೆ ಮುಂದಿನ ಬೆಂಚಿನಲ್ಲಿದ್ದಳು.

ನಿವೃತ್ತಿಯ ಬಳಿಕ ಬೇರೆ ಶಾಲೆಗಳಿಗೂ ಈ ಪಾಠ ಒಯ್ಯುವ ಹುಮ್ಮಸ್ಸು ಮೇಡಂ ಅವರಿಗಿದೆ. ಆಯುರಾರೋಗ್ಯಗಳು ಅವರ ಆ ದುಡಿಮೆಗೆ ಜೊತೆಯಾಗಲಿ. ಗುರುಗಳ ಮಾತು ನಂಬಿ ಅಜ್ಜಿಯ ಮಾತ್ರೆಯನ್ನೇ ತಂದುಕೊಟ್ಟ, ಆಮೇಲೂ ಅವರನ್ನು ನಂಬಿದ ಆ ಹುಡುಗಿಯಂಥ ಮಕ್ಕಳು ಅವರಿಗೆ ಹೋದಲ್ಲೆಲ್ಲ ಸಿಗಲಿ.