ಲಿಂಡನ್ ಹೈಟ್ಸ್ ಟ್ರಾಮ್ ಹತ್ತಿದ ಸೂಲಗಿತ್ತಿ

ನನ್ನ ಸೋದರತ್ತೆ ಬೊಝೆನಾ ಅಮೆರಿಕದ ಕ್ಲೀವ್‌ಲ್ಯಾಂಡಿನ ನಮ್ಮ ಚೆಕ್ ವಲಸಿಗರ ಕೇರಿಗೆಲ್ಲ ಸೂಲಗಿತ್ತಿ. ಅವಳ ತಮ್ಮ ಮಾತೇಯ್, ಅಂದರೆ ನಮ್ಮಪ್ಪ, ಟ್ರಾಮ್ ಓಡಿಸುತ್ತಿದ್ದ. ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಟ್ರಾಮ್ ಕಂಪನಿ ಮೊದಲು ಹಳಿ ಹಾಕಿತು, ಆಮೇಲೆ ನಿವೇಶನ ಮಾರಿತು. ಲಿಂಡನ್ ಹೈಟ್ಸ್ ಬಡಾವಣೆ ಎದ್ದದ್ದು ಹಾಗೆ. ಪೇಟೆಯ ಗುಮಾಸ್ತರೆಲ್ಲ ಅಲ್ಲಿ ಮನೆ ಮಾಡಿದರು. ಟ್ರಾಮ್ ನಿಂತರೆ ಅವರಿಗೆ ಕಾಲೇ ಮುರಿದಂತೆ.

ನಾನು ಹುಟ್ಟುವ ಮೂರು ವರ್ಷ ಮೊದಲು ಅದು ನಿಂತೇಬಿಟ್ಟಿತು. ಕೂಲಿ ಕಡಿತದ ವಿರುದ್ಧ ಅಪ್ಪನೂ ಅವನ ಜೊತೆಯವರೂ ಮುಷ್ಕರ ಹೂಡಿದ್ದರು. ಕಂಪನಿ ಹೊರಗಿನಿಂದ ಆಳು ತರಿಸಿ, ಕಿಟಕಿಗೆ ತಂತಿಬಲೆ ಬಿಗಿದು, ಒಂದೆರಡು ಗಾಡಿ ಓಡಿಸಿತು. ಅವನ್ನು ಹತ್ತಿದವರ ಜೊತೆ ನಮ್ಮ ಕೇರಿ ಮಾತೂ ಆಡುತ್ತಿರಲಿಲ್ಲ.

ಎರಡನೇ ವಾರದ ಒಂದು ಮಧ್ಯಾಹ್ನ ವಿಟ್ಕಾಂಬ್ ಎಂಬ ಗುಮಾಸ್ತ ಗುಡ್ಡದಿಂದ ಸೈಕಲ್ ತುಳಿದು ಬಂದು ಅತ್ತೆಯ ಬಾಗಿಲು ಬಡಿದ. ಹೆಂಡತಿಗೆ ಬೆಳಗಿನಿಂದ ನೋವು, ಮಗು ಕಾಲು ಮುಂದಾಗಿದೆ, ಡಾಕ್ಟರು ಸಿಕ್ಕಿಲ್ಲ. ಬಾಡಿಗೆ ಕುದುರೆಗಾಡಿ ಹುಡುಕಿದರು, ಒಂದೂ ಇಲ್ಲ. ಅತ್ತೆ ಚೀಲ ಹಿಡಿದು ನೇರವಾಗಿ ಆ ತಂತಿಬಲೆಯ ಗಾಡಿ ಹತ್ತಿದಳು.

ಗುಡ್ಡದ ಬುಡದಲ್ಲಿ ಮುಷ್ಕರದವರು ಹಳಿಗೆ ಅಡ್ಡ ನಿಂತಿದ್ದರು. ಮುಂದಿನ ಸಾಲಿನಲ್ಲೇ ಅಪ್ಪ, ಕೈಯಲ್ಲಿ ಕಲ್ಲು.

"ನೋಡ್ರೇ, ಮದುವಣಗಿತ್ತಿ ಮೆರವಣಿಗೆ ಹೊರಟ್ಳು!" ಎಂದು ಯಾರೋ ಹೆಂಗಸು ಕೂಗಿದಳು.

ಅತ್ತೆ ಗಾಡಿಯ ಬಾಗಿಲಿಗೆ ಬಂದು ನಿಂತಳು.

"ಇಳಿಯಕ್ಕ," ಎಂದ ಅಪ್ಪ. "ನೀನೇ ಇದನ್ನ ಹತ್ತಿದ್ರೆ ನಾಳೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಮೇಲೊಬ್ಳು ಸಾಯ್ತಿದಾಳೆ ಕಣೋ. ದಾರಿ ಬಿಡು."

"ನಡ್ಕೊಂಡು ಹೋಗು!"

"ನಾಲ್ಕು ಮೈಲಿ ಏರು. ನಡ್ಕೊಂಡು ಹೋದ್ರೆ ಹೆರಿಗೆಗಲ್ಲ, ಹೆಣ ತೊಳೆಯೋಕೆ."

ಅಪ್ಪ ಪಕ್ಕಕ್ಕೆ ಸರಿಯಲಿಲ್ಲ. ಗಾಡಿಯಲ್ಲಿದ್ದ ಕಂಪನಿಯ ಕಾವಲಿನವನು ಬಂದೂಕು ಎತ್ತಿದ. ಜನ ಹಿಂದೆ ಸರಿದಾಗ ಅಪ್ಪನನ್ನೂ ಎಳೆದುಕೊಂಡೇ ಸರಿದರು. ಗಾಡಿ ಹೊರಟಿತು, ಕಲ್ಲುಗಳು ಬಿದ್ದವು. ಒಂದು ಅತ್ತೆಯ ಹುಬ್ಬು ಸೀಳಿತು. ಅದು ಯಾರ ಕೈಯದೆಂದು ಅಪ್ಪ ಸಾಯುವವರೆಗೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ವಿಟ್ಕಾಂಬ್‌ನ ಮನೆಯಲ್ಲಿ ಅತ್ತೆ, ರಕ್ತ ಕಣ್ಣಿಗೆ ಇಳಿಯದಂತೆ ಹಣೆಗೆ ಬಟ್ಟೆ ಬಿಗಿದುಕೊಂಡು ಎರಡು ಗಂಟೆ ಹೆಣಗಿದಳಂತೆ. ತಾಯಿಯೂ ಉಳಿದಳು, ಹೆಣ್ಣುಮಗುವೂ ಉಳಿಯಿತು.

ಆರು ವಾರಕ್ಕೆ ಮುಷ್ಕರ ಸೋತಿತು. ಅಪ್ಪನನ್ನು ಕಂಪನಿ ಮತ್ತೆ ಸೇರಿಸಿಕೊಳ್ಳಲಿಲ್ಲ. ಎರಕದ ಕಾರ್ಖಾನೆಗೆ ಹೋದ. ಅತ್ತೆಯನ್ನು ಕೇರಿಯಲ್ಲಿ ಯಾರೂ ಹೆರಿಗೆಗೆ ಕರೆಯಲಿಲ್ಲ. ಬೇಕರಿಯವನು ಹಲಗೆ ತುಂಬ ರೊಟ್ಟಿ ಇಟ್ಟುಕೊಂಡೇ "ಮುಗೀತಮ್ಮ" ಎನ್ನುತ್ತಿದ್ದ. ವರ್ಷ ತುಂಬುವ ಮೊದಲೇ ಅವಳು ಲಿಂಡನ್ ಹೈಟ್ಸ್‌ನಲ್ಲಿ ಔಷಧಿ ಅಂಗಡಿಯ ಹಿಂದಿನ ಕೋಣೆ ಹಿಡಿದಳು. ಅಲ್ಲಿನವರು ಕೆಲಸಕ್ಕೆ ಕರೆದರು. ಊಟಕ್ಕೆ ಕರೆದವರು ಕಡಿಮೆ.

ಹತ್ತು ವರ್ಷ ಅಕ್ಕ ತಮ್ಮ ಮಾತಾಡಲಿಲ್ಲ. ಆಮೇಲೆ ಫ್ಲೂ ಜ್ವರ ಬಂತು. ನಮ್ಮ ಬೀದಿಯಲ್ಲಿ ದಿನಕ್ಕೊಂದು ಶವ. ನನಗೆ ಏಳು ವರ್ಷ, ಉಸಿರು ಕಟ್ಟುತ್ತಿತ್ತು. ಅಪ್ಪ ಗುಡ್ಡ ಹತ್ತಿ ಹೋಗಿ ಅವಳ ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ಮಗಳಿಗೆ..." ಎಂದ.

"ಎಷ್ಟು ದಿನ ಆಯ್ತು ಜ್ವರ ಬಂದು?" ಎನ್ನುತ್ತಲೇ ಅತ್ತೆ ಚೀಲ ಎತ್ತಿಕೊಂಡಳು.

ಒಂಬತ್ತು ದಿನ ನನ್ನ ಮಂಚದ ಪಕ್ಕ ಕೂತಿದ್ದಳು. ಹತ್ತನೆಯ ದಿನ ನಾನು ಸೂಪು ಕೇಳಿದೆನಂತೆ. ಅಪ್ಪ ಅಡುಗೆಮನೆಗೆ ಹೋಗಿ, ಎರಡು ಬಟ್ಟಲು ತುಂಬಿ ತಂದು, ಮೊದಲನೆಯದನ್ನು ಅಕ್ಕನ ಕೈಗೆ ಕೊಟ್ಟ.