ನಾಲ್ಕರಲ್ಲಿ ಅರ್ಧ

ಡೊರೊತಿಯನ್ನು ಕೊಡೆ, ಕೈಚೀಲ ಸಮೇತ ತಕ್ಕಡಿಗೆ ಹಾಕಿದರೂ ಐವತ್ತು ಕಿಲೋ ದಾಟಲಿಕ್ಕಿಲ್ಲ. ಗಿರಾಕಿಯಾಗಿ ಮಾತ್ರ ಭಾರಿ ತೂಕ. ಕುಚ್ಚಲಕ್ಕಿಯನ್ನು ಮೂಸದೆ ಕೊಳ್ಳುವವಳಲ್ಲ. ಚೌಕಾಶಿ ಮಾಡುವುದಿಲ್ಲ, ಸುಮ್ಮನೆ ನಿಂತು ನೋಡುತ್ತಾಳೆ, ಬೆಲೆ ತಾನಾಗಿ ಇಳಿಯುತ್ತದೆ. ಉಡುಪಿ ಕಡೆಯ ಕಲ್ಯಾಣಪುರದವಳು, ಪರದೇಶದ ಸಟನ್ನಿನಲ್ಲಿ ಇಪ್ಪತ್ತು ವರ್ಷದಿಂದ ನರ್ಸು. ಸುಳ್ಳು ಹೇಳಲು ಬಾರದು. ಸೂಜಿ ನೋಯುತ್ತದೆಯೇ ಎಂದು ಕೇಳಿದ ಮಗುವಿಗೂ ನೋಯುತ್ತದೆ ಎಂದೇ ಹೇಳುವ ಜೀವ.

ಕ್ರಿಸ್ಮಸ್ ಕಳೆದ ಶನಿವಾರ ಸಂಜೆ ಆಕೆ ಎರಡು ರೈಲು ಬದಲಿಸಿ ಕೆಂಟನ್ನಿನ ನಮ್ಮ ದಿನಸಿ ಅಂಗಡಿಗೆ ಬಂದದ್ದು ಅಕ್ಕಿಗಲ್ಲ, ಹಿಂದಿನ ಕೋಣೆಯ ದೊಡ್ಡ ಟಿವಿಗೆ. ಮಗಳು ವೆನಿಶಾ ಅಮೆರಿಕದ ಕಾಲೇಜೊಂದರಲ್ಲಿ ಓದುತ್ತಾಳೆ, ಅಲ್ಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಟ್ರಂಪೆಟ್ ಡೊರೊತಿಯ ಅಪ್ಪನದು. ಊರಿನ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಊದಿ, ಅದನ್ನು ಮೊಮ್ಮಗಳ ಕೈಗಿಟ್ಟು ಕಣ್ಣು ಮುಚ್ಚಿದರು. ಅಂದು ಆ ಕಾಲೇಜಿಗೆ ಬೌಲ್ ಪಂದ್ಯ. ಅಂದರೆ ಸೀಸನ್ ಮುಗಿದ ಮೇಲೆ, ಎರಡು ಲೀಗುಗಳಿಂದ ಒಂದೊಂದು ಒಳ್ಳೆಯ ತಂಡವನ್ನು ಕರೆದು ಆಡಿಸುವ ಒಂದು ಹೆಚ್ಚುವರಿ ಪಂದ್ಯ, ಆಟ ಅಮೆರಿಕದ ಫುಟ್‌ಬಾಲು. ಹಾಫ್ ಟೈಮಿನಲ್ಲಿ ಬ್ಯಾಂಡು ಆರು ನಿಮಿಷ ಮೈದಾನಕ್ಕಿಳಿಯುತ್ತದೆ, ಟಿವಿಯಲ್ಲಿ ತೋರಿಸುತ್ತಾರೆ ಎಂದು ಮಗಳು ಹೇಳಿದ್ದಳು. ಡೊರೊತಿಗೆ ಬೇಕಿದ್ದದ್ದು ಆ ಆರು ನಿಮಿಷ.

ಇದನ್ನು ಬರೆಯುತ್ತಿರುವ ಅಂಗಡಿಯವ ಕೋಣೆ ಕಳೆಗಟ್ಟಲೆಂದು ರಾಜ್ಯೋತ್ಸವದಲ್ಲಿ ಉಳಿದ ಹಳದಿ-ಕೆಂಪು ತೋರಣವನ್ನು ಬೀದಿ ಬಾಗಿಲತನಕ ಕಟ್ಟಿದ್ದ. ವೆನಿಶಾಳ ತಂಡದ್ದು ನೀಲಿ. ಹಳದಿ-ಕೆಂಪು ಎದುರಾಳಿಯದು. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮೂವರು ಅಮೆರಿಕನ್ನರಿಗೆ ಗೊತ್ತಿತ್ತು. ತಮ್ಮವರ ಅಡ್ಡಾ ಸಿಕ್ಕಿತೆಂದು ಒಳಗೆ ಬಂದು ಕುಳಿತೇಬಿಟ್ಟರು. ಅಂಗಡಿಯವ ಬೋಂಡಕ್ಕೆ ಎಣ್ಣೆ ಕಾಯಲಿಟ್ಟ.

ನೀಲಿ ಸ್ವೆಟರಿನ ಡೊರೊತಿ ಅವರ ನಡುವೆ ಕಂಗಾಲು. ಹೆಸರು ಫುಟ್‌ಬಾಲು, ಚೆಂಡು ಕಂಕುಳಲ್ಲಿ. ಎಲ್ಲರೂ ಒಬ್ಬನ ಮೇಲೆ ಬೀಳುತ್ತಾರೆ. ಇಬ್ಬರನ್ನಾದರೂ ಎಕ್ಸ್‌ರೇಗೆ ಕಳಿಸಬೇಕಾದೀತೆಂದು ಆಕೆ ಕಾದರೆ ಎಲ್ಲರೂ ಎದ್ದು ಓಡುತ್ತಾರೆ. ನಿಮಿಷಕ್ಕೊಮ್ಮೆ ಆಟ ನಿಲ್ಲುತ್ತದೆ, ಟ್ರಕ್ಕಿನ ಜಾಹೀರಾತು ಬರುತ್ತದೆ. ಪಕ್ಕದವರು ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿ, ಅದು ಎದುರಾಳಿಯ ಅಂಕವೆಂದು ತಿಳಿದು ಕೈ ಮಡಚಿಕೊಂಡಳು.

ಸುಮಾರು ಹೊತ್ತಿನ ಮೇಲೆ ಆಟಗಾರರೆಲ್ಲ ಒಳಗೆ ಹೋದರು.

“ಶೆಟ್ರೇ, ಇದು ಹಾಫ್ ಟೈಮಾ ಎಂತದು?”

ಅಂಗಡಿಯವ ಆ ಮಧ್ಯಾಹ್ನವಷ್ಟೇ ನಿಯಮ ಓದಿಕೊಂಡಿದ್ದ. “ಇನ್ನೂ ಎರಡೇ ಕ್ವಾರ್ಟರ್ ಆಗಿರೋದು ಕಣಮ್ಮ, ನಾಲ್ಕಾಗಬೇಕು. ಬಿಸಿ ಇದ್ದಾಗಲೇ ಬೋಂಡ ತಿನ್ನಿ.”

ನಾಲ್ಕರಲ್ಲಿ ಅರ್ಧ ಎರಡು ಎಂಬುದು ಜೀವಮಾನವೆಲ್ಲ ತೂಕ ಹಾಕಿದವನಿಗೆ ಹೊಳೆಯಲಿಲ್ಲ. ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ತಿಂಡಿ ಬಂದರೆ ಭಾವಗೀತೆ ಹಾಕುವುದು ಪದ್ಧತಿ. ಆಟ ತೆಗೆದು ಟಿವಿಯಲ್ಲೂ ಅದನ್ನೇ ಹಾಕಿದ. ಡೊರೊತಿ ತಟ್ಟೆ ಹಿಡಿದು ಪರದೆಯ ಮುಂದೆಯೇ ಕಾದಳು.

ಹಾಡು ಮುಗಿದು ಆಟ ಹಚ್ಚಿದಾಗ ಮೂರನೇ ಕ್ವಾರ್ಟರ್ ಓಡುತ್ತಿತ್ತು. ಬ್ಯಾಂಡು ಯಾವಾಗ ಎಂದು ಆಕೆ ಅಮೆರಿಕನ್ನರಲ್ಲಿ ಹಿರಿಯನನ್ನು ಕೇಳಿದಳು. ಆಗಲೇ ಆಯಿತಲ್ಲ, ಬಾಗಿಲ ಬಳಿ ಫೋನಿನಲ್ಲಿ ನೋಡಿದೆ, ನೀಲಿಯವರು ಮೈದಾನದ ತುಂಬ ಲಂಗರಿನ ಆಕಾರದಲ್ಲಿ ನಿಂತು ಊದಿದರು, ಎದುರಾಳಿಯಾದರೂ ಮೆಚ್ಚಬೇಕು ಎಂದ ಆತ.

ಡೊರೊತಿ ತಟ್ಟೆಯನ್ನು ಕೆಳಗಿಟ್ಟಳು. ಅಂಗಡಿಯವನ ಕಡೆ ನೋಡಿದಳು, ಅಕ್ಕಿ ನೋಡುವಂತೆಯೇ. ಅಮೆರಿಕನ್ನನ ಹತ್ತಿರ ಕುರ್ಚಿ ಎಳೆದುಕೊಂಡು ಮೊದಲಿನಿಂದ ಹೇಳಿಸಿಕೊಂಡಳು: ಯಾವ ಕಡೆಯಿಂದ ಬಂದರು, ಟ್ರಂಪೆಟ್ಟಿನವರು ಲಂಗರಿನ ಯಾವ ತುದಿಯಲ್ಲಿದ್ದರು.

ನೀಲಿಯವರು ಸೋತರು. ಸ್ವಲ್ಪ ಹೊತ್ತಿಗೆ ಮಗಳ ಫೋನು, ಇಂಗ್ಲಿಷಿನಲ್ಲಿ. ಸೋಲಿನ ಮಾತೇ ಇಲ್ಲ; ಮಮ್ಮಿ ನೋಡಿದಳೇ, ಅಷ್ಟೇ ಪ್ರಶ್ನೆ.

ಕಣ್ಣೀರು ತುಂಬಿಕೊಂಡಿದ್ದ ಅಂಗಡಿಯವ, ಈರುಳ್ಳಿಯದೇ ಇರಬೇಕು, ಬಾಣಲೆ ಉಜ್ಜುವುದನ್ನು ನಿಲ್ಲಿಸಿದ. ಡೊರೊತಿ ಕೊಂಕಣಿಯಲ್ಲಿ ಉತ್ತರಿಸಿದಳು. ಅಷ್ಟು ಅವನಿಗೂ ತಿಳಿಯಿತು. ನೋಡಿದೆ ಮಗಾ, ಲಂಗರಿನ ಎಡತುದಿಯಲ್ಲಿದ್ದಿ, ಅಜ್ಜನ ಟ್ರಂಪೆಟ್ ಹೊಳೆಯುತ್ತಿತ್ತು.

ಫೋನಿಟ್ಟು ಕೊಡೆ ಎತ್ತಿಕೊಂಡಳು. ಅಂಗಡಿಯವ ಅಕ್ಕಿಯ ಚೀಲ ಮುಂದೆ ಮಾಡಿದ. “ಇವತ್ತು ಅಕ್ಕಿ ಬೇಡ ಶೆಟ್ರೇ” ಎಂದು ರೈಲಿಗೆ ನಡೆದಳು.

ಸುಳ್ಳು ಬಾರದವಳ ಬಾಯಲ್ಲಿ ಸುಳ್ಳು ಹೇಳಿಸಿದ್ದಕ್ಕೆ ಈ ಅಂಗಡಿಯವ ಡೊರೊತಿಯ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.